ಬಿಡುವಿನ ಬೆಳೆ

ಹವ್ಯಾಸವೆಂಬ ಮಾತಿಗೆ ನಮ್ಮ ನಾಡಿನಲ್ಲಿ ಎರಡು ಮುಖಗಳುಂಟು. ಕುಡಿತದ ಹವ್ಯಾಸ, ಜೂಜಿನ ಹವ್ಯಾಸ ಎಂದು ಹಿರಿಯರು ನೊಂದು ನುಡಿಯುವುದೂ ಈ ಮಾತಿನಿಂದಲೇ. ಓದುವ ಹವ್ಯಾಸ, ಹಾಡುವ ಹವ್ಯಾಸ ಎಂದು ಮೆಚ್ಚಿ ನುಡಿಯುವುದೂ ಈ ಮಾತಿನಿಂದಲೇ. ಮನೆಯನ್ನು ಕೆಡಿಸುವುದಕ್ಕೂ ಬೆಳಗಿಸುವುದಕ್ಕೂ ಒಂದೇ ಪದವು ಸಲ್ಲುತ್ತಿರುವುದರಲ್ಲಿ ಒಂದು ಅರ್ಥವಿದೆ. ಉಳದೆ ಬಿಟ್ಟ ಹೊಲ ಬರಿದಾಗಿ ಉಳಿಯುವುದಿಲ್ಲ. ಕಳೆ ತಾನಾಗಿಯೇ ಏಳುತ್ತದೆ. ಬಿಡುವಿನ ವೇಳೆಯೂ ಹಾಗೆಯೇ. ಬೇಕಾದುದನ್ನು ನಾವು ಬಿತ್ತದಿದ್ದರೆ ಬೇಡವಾದುದು ಬೆಳೆದುಕೊಳ್ಳುತ್ತದೆ. ಆದುದರಿಂದ ಈ ತಿಂಗಳು ಬಿಡುವಿನ ಬೇಸಾಯದ ವಿಷಯವನ್ನೇ ವಾಚಕರೊಡನೆ ಕುಳಿತು ವಿಚಾರ ಮಾಡಬೇಕೆಂದಿದ್ದೇವೆ.

ಇದಕ್ಕೆ ಒಡನೆಯೇ ಬರತಕ್ಕ ಆಕ್ಷೇಪಣೆಯನ್ನು ನಾವು ಬಲ್ಲೆವು. "ಹವ್ಯಾಸವೆಂಬುದು ಉಂಡು ಮಿಕ್ಕವರ ಮಾತು. ನಮ್ಮಂಥವರಿಗೆ ಬಿಡುವಾದರೂ ಎಲ್ಲಿಯದು?" ಎಂದು ಕೇಳುವವರು ಬಹುಮಂದಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಗೃಹಸ್ಥರು ಈ ಮಾತನ್ನಾಡಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಅದು ವರ್ಷವೆಲ್ಲ ಹರಿಯುವ ಹೊಳೆಯೊಂದೂ ಇಲ್ಲದ ಸೀಮೆ. ಕೆರೆ ತುಂಬಿದರೆ ಬದುಕು. ಇಲ್ಲವಾದರೆ ಸಾವಿರ ಅಡಿಗೂ ಆಳಕ್ಕಿಳಿದ ಕೊಳವೆ ಬಾವಿಯ ಕೆಸರು ನೀರು. ಬೆಳಗಿನ ಜಾವ ಹಾಲು ಕರೆದು ಡೇರಿಗೆ ಹಾಕಬೇಕು. ಸಂಜೆ ಮತ್ತೆ ಅದೇ ಕೆಲಸ. ಮನೆಯಲ್ಲಿ ರೇಷ್ಮೆ ಹುಳುವಿದ್ದರಂತೂ ಮನೆಮಂದಿಗೆಲ್ಲ ಅದೇ ಯಜಮಾನ. ಹೀಗಿದ್ದರೂ ಈ ಸೀಮೆಯನ್ನೇ ಇಂದು ನಮ್ಮ ವಿಚಾರಕ್ಕೆ ಆರಿಸಿಕೊಂಡುದು ಏತಕ್ಕೆಂದರೆ, ಬಿಡುವಿಲ್ಲವೆಂದು ಹೇಳಲು ಹಕ್ಕುಳ್ಳ ಈ ನೆಲದಲ್ಲಿಯೇ ಬಿಡುವಿನ ಬೆಳೆಯು ಸೊಂಪಾಗಿ ಬೆಳೆದು ನಾಡಿಗೆಲ್ಲ ಒದಗಿ ಬಂದಿದೆ.

ಮೊದಲು ಮನಸ್ಸಿನ ಮಾತನ್ನು ತೆಗೆದುಕೊಳ್ಳೋಣ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ಅರಿಯದ ಕನ್ನಡಿಗರಿಲ್ಲ. ಅವರು ಕಥೆಗಾರರೆಂಬುದು ಎಲ್ಲರಿಗೂ ಗೊತ್ತು. ಅವರ ಕಸುಬು ಕಥೆಯಲ್ಲವೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. 1914ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ 1943ರಲ್ಲಿ ಅದರಿಂದ ಹೊರಬರುವವರೆಗೆ ಅವರು ಸರ್ಕಾರದ ಅಧಿಕಾರಿಗಳು. ಕಡತ, ಕಂದಾಯ, ತಿರುಗಾಟ, ವರ್ಗ, ಇವುಗಳ ನಡುವೆಯೇ 'ಶ್ರೀನಿವಾಸ'ರೆಂಬ ಹೆಸರಿನಲ್ಲಿ ಅವರು ಬರೆದರು. 'ಕೆಲವು ಸಣ್ಣ ಕಥೆಗಳು' ಎಂಬ ಅವರ ಪುಸ್ತಕ 1920ರಲ್ಲಿ ಹೊರಬಂದಾಗ ಅವರು ಸೇವೆಗೆ ಸೇರಿ ಆರು ವರ್ಷವಾಗಿದ್ದಿತು. ಸೇವೆ ಮುಗಿದ ಮೇಲೆ 1944ರಿಂದ 1965ರವರೆಗೆ 'ಜೀವನ' ಪತ್ರಿಕೆಯನ್ನು ನಡೆಸಿದರು. 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಾಗ ಅವರ ವಯಸ್ಸು ತೊಂಬತ್ತು ದಾಟಿದ್ದಿತು. ಮೂವತ್ತಕ್ಕೆ ಒಂದು ಕಡಿಮೆ ವರ್ಷ ಹಗಲೆಲ್ಲ ಬೇರೆಯವರ ಕೆಲಸ ಮಾಡಿದವರು, ತಮ್ಮದೇ ಆದ ಒಂದು ಕೆಲಸವನ್ನು ಪಕ್ಕದಲ್ಲಿ ಇರಿಸಿಕೊಂಡು ಬಂದರು. ಉದ್ಯೋಗವು ಹವ್ಯಾಸಕ್ಕೆ ಅಡ್ಡಬರಲಿಲ್ಲ. ಅವರ ಕಥೆಗಳಲ್ಲಿ ನಡೆದಾಡುವ ಸಾಧಾರಣ ಗೃಹಸ್ಥರನ್ನೂ ಹಳ್ಳಿಗರನ್ನೂ ಓದುವಾಗ, ಉದ್ಯೋಗವೇ ಹವ್ಯಾಸಕ್ಕೆ ಜನರನ್ನು ಪರಿಚಯ ಮಾಡಿಕೊಟ್ಟಿತೆಂದು ನಮಗೆ ತೋರುತ್ತದೆ.

ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರ ದಾರಿ ಬೇರೆ. ಅವರ ಶಾಲೆಯ ಓದು ಮೆಟ್ರಿಕ್ಯುಲೇಷನ್ನಿನ ಹೊಸ್ತಿಲಲ್ಲಿಯೇ ನಿಂತಿತು. ಜೀವನೋಪಾಯ ಪತ್ರಿಕೋದ್ಯೋಗ. ಸಂಸ್ಕೃತವನ್ನೂ ಇಂಗ್ಲಿಷನ್ನೂ ರಾಜ್ಯಶಾಸ್ತ್ರವನ್ನೂ ಅವರು ಪರೀಕ್ಷೆಗಾಗಿ ಓದಲಿಲ್ಲ, ಬೇಕೆನಿಸಿ ಓದಿದರು. ಬೇಲೂರಿನ ದೇವಾಲಯದ ಮದನಿಕೆಯರ ವಿಗ್ರಹಗಳನ್ನು ನೋಡಿ ನಾವೆಲ್ಲರೂ "ಚೆನ್ನಾಗಿದೆ" ಎಂದು ಹೇಳಿ ಮುಂದೆ ನಡೆಯುತ್ತೇವೆ. ಗುಂಡಪ್ಪನವರು ಅಲ್ಲಿ ನಿಂತರು. ಒಬ್ಬೊಬ್ಬಳ ಮುಖಭಾವವನ್ನೂ ಒಂದೊಂದು ಹಾಡನ್ನಾಗಿ ಮಾಡಿದರು. 'ಅಂತಃಪುರ ಗೀತೆ'ಗಳು ಹುಟ್ಟಿದುದು ಹಾಗೆ. ಹವ್ಯಾಸದ ಮೊದಲ ಪಾಠ ಅಲ್ಲಿದೆ: ನೋಡುವ ವಸ್ತುವಿನ ಮುಂದೆ ಇನ್ನೊಂದಿಷ್ಟು ಹೊತ್ತು ನಿಲ್ಲುವುದು.

ವಾಚಕರು ತಪ್ಪು ತಿಳಿಯಬಾರದು. ಎಲ್ಲರೂ ಗ್ರಂಥಕರ್ತರಾಗಿರೆಂದು ನಾವು ಹೇಳುತ್ತಿಲ್ಲ. ನೂರು ಪುಟದ ಒಂದು ನೋಟ್‌ಪುಸ್ತಕ ಸಾಕು. ಈ ನಾಲ್ಕು ತಾಲ್ಲೂಕುಗಳಲ್ಲಿ ಮನೆಮಾತು ತೆಲುಗಾಗಿ, ಓದುಬರಹ ಕನ್ನಡವಾಗಿರುವ ಕುಟುಂಬಗಳು ಎಷ್ಟೋ ಇವೆ. ಅಂಥ ಮನೆಗಳ ಅಜ್ಜಿಯಂದಿರ ಬಾಯಲ್ಲಿ ಶೋಭಾನೆಯ ಪದ, ತೊಟ್ಟಿಲ ಪದ, ಬೀಸುವ ಪದ, ಒಗಟು, ಗಾದೆ, ಎರಡೂ ಭಾಷೆಗಳಲ್ಲಿ ಬೆರೆತು ಇವೆ. ಮೊಮ್ಮಗಳು ವಾರಕ್ಕೊಂದು ಸಂಜೆ ಅಜ್ಜಿಯ ಪಕ್ಕದಲ್ಲಿ ಕುಳಿತು, ತೆಲುಗಿನ ಪದವನ್ನೂ ಕನ್ನಡ ಲಿಪಿಯಲ್ಲಿಯೇ ಬರೆದುಕೊಂಡು, ಯಾರಿಂದ ಕಲಿತುದು, ಯಾವ ಊರಿನದು, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದುದು ಎಂಬುದನ್ನು ಕೆಳಗೆ ಗುರುತು ಹಾಕಿಕೊಂಡರೆ, ಒಂದು ವರ್ಷದಲ್ಲಿ ಐವತ್ತು ಹಾಡುಗಳಾಗುತ್ತವೆ. ಅಜ್ಜಿ ಹೋದ ಮೇಲೆ ಈ ಕೆಲಸವನ್ನು ಮಾಡುತ್ತೇವೆಂದರೆ ಆಗದು.

ಇನ್ನು ದೇಹದ ಮಾತು. ಇಲ್ಲಿ ಎಲ್ಲರಿಗೂ ಒಂದೇ ಔಷಧಿಯನ್ನು ಬರೆದುಕೊಡುವುದು ಸರಿಯಲ್ಲ. ಅಂಗಡಿಯಲ್ಲಿಯೂ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ದಿನವೆಲ್ಲ ಕುಳಿತಿರುವವರಿಗೆ ಕಾಲಾಡಿಸುವ ಹವ್ಯಾಸ ಬೇಕು. ಹೊಲದಲ್ಲಿ ಬಗ್ಗಿ ಬೆನ್ನು ನೋಯಿಸಿಕೊಂಡವರಿಗೆ ವ್ಯಾಯಾಮದ ಉಪದೇಶ ಮಾಡಿದರೆ ನಗುತ್ತಾರೆ. ಅವರಿಗೆ ಬೇಕಾದುದು ಬೆನ್ನು ನೆಟ್ಟಗೆ ಮಾಡಿ ಕೂರುವ ಹಾಡೋ, ಓದೋ. ಕುಳಿತಿರುವವರಿಗೆ ಕೋಲಾರದಲ್ಲಿ ದೇವರೇ ಕೊಟ್ಟ ಗರಡಿಯೊಂದಿದೆ. ಪಟ್ಟಣದ ಪಕ್ಕದಲ್ಲಿಯೇ ಶತಶೃಂಗ ಪರ್ವತ. ಮೆಟ್ಟಿಲುಗಳನ್ನೇರಿ ಹೋದರೆ ಕಲ್ಲಿನ ಬಸವನ ಬಾಯಿಂದ ನೀರು ಬೀಳುವ ಅಂತರಗಂಗೆ. ನದಿಯಿಲ್ಲದ ಸೀಮೆಯಲ್ಲಿ ಬಂಡೆಯೊಳಗಿನಿಂದ ಬರುವ ಈ ನೀರನ್ನು ಜನರು ಗಂಗೆಯೆಂದು ಕರೆದುದು ಸಹಜವೇ ಸರಿ. ವಾರಕ್ಕೆರಡು ಬಾರಿ ಬೆಳಗಿನ ತಂಪಿನಲ್ಲಿ ಇದನ್ನು ಹತ್ತಿ ಇಳಿಯುವವರಿಗೆ ಹಣ ಕೊಟ್ಟು ಯಂತ್ರದ ಮೇಲೆ ನಡೆಯುವ ಅಗತ್ಯವಿಲ್ಲ.

ನಡಿಗೆಗೆ ಒಂದು ಉದ್ದೇಶವೂ ಇದ್ದರೆ ಕಾಲಿಗೆ ದಣಿವು ತೋರುವುದಿಲ್ಲ. ಅಂಥ ಉದ್ದೇಶವೊಂದು ಈ ಸೀಮೆಯ ಊರೂರಿನಲ್ಲಿಯೂ ನಿಂತಿದೆ. ಕೆರೆಯ ಏರಿ, ಗುಡಿಯ ಅಂಗಳ, ಹೊಲದ ಬದು, ಎಲ್ಲಿ ನೋಡಿದರೂ ವೀರಗಲ್ಲು, ಮಾಸ್ತಿಗಲ್ಲು, ಶಾಸನದ ಕಲ್ಲು. ಮಾಸ್ತಿ ಎಂಬುದು ಮಹಾಸತಿ ಎಂಬ ಪದದ ತದ್ಭವವೆಂಬುದನ್ನು ಮಕ್ಕಳಿಗೆ ಆ ಕಲ್ಲಿನ ಮುಂದೆಯೇ ನಿಲ್ಲಿಸಿ ಹೇಳಿಕೊಟ್ಟರೆ ಅವರು ಮರೆಯುವುದಿಲ್ಲ. ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ' ಗ್ರಂಥಮಾಲೆಯ ಹತ್ತನೆಯ ಸಂಪುಟವನ್ನು 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲಿಟ್ಟು, ತಾಲ್ಲೂಕುವಾರು ಸಂಖ್ಯೆ ಕೊಟ್ಟು ಪ್ರಕಟಿಸಿದರು. ಕೋಲಾರಮ್ಮನ ಗುಡಿಯ ಚೋಳರ ಕಾಲದ ತಮಿಳು ಬರಹಗಳೂ, ಆವನಿಯ ನೊಳಂಬರ ಕಾಲದ ಕಲ್ಲುಗಳೂ, ಹೆಸರಿಲ್ಲದ ಹಳ್ಳಿಯಲ್ಲಿ ದನಗಳನ್ನು ಕಾಯಲು ಹೋರಾಡಿ ಮಡಿದವರ ಕಲ್ಲುಗಳೂ ಅದರಲ್ಲಿ ಸೇರಿವೆ. ಈಗ ಆ ಸಂಪುಟವು ಅಂತರ್ಜಾಲದಲ್ಲಿ ಯಾರಿಗಾದರೂ ಓದಲು ಸಿಕ್ಕುತ್ತದೆ. ತಮ್ಮ ಊರಿನ ಹೆಸರನ್ನು ಅದರಲ್ಲಿ ಹುಡುಕಿ, ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ಆ ಕಲ್ಲು ಇನ್ನೂ ಅಲ್ಲಿದೆಯೇ ಎಂದು ನೋಡುವುದು ಎಂಥ ಹವ್ಯಾಸ! ಎಷ್ಟೋ ಕಡೆ ಕಲ್ಲು ಇರುವುದಿಲ್ಲ. ರಸ್ತೆಯ ಅಡಿಯಲ್ಲಿಯೋ ಮನೆಯ ತಳಪಾಯದಲ್ಲಿಯೋ ಹೋಗಿರುತ್ತದೆ. ಅದಕ್ಕಾಗಿಯೇ ಇರುವ ಕಲ್ಲನ್ನು ಕಂಡು ಬರೆದಿಡುವವರು ಬೇಕು. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಶಾಸನಗಳನ್ನು ಯಂತ್ರದಿಂದ ಮೂರು ಆಯಾಮದ ಚಿತ್ರಗಳಾಗಿ ಹಿಡಿದಿಡುವ ಕಾರ್ಯವನ್ನು ಕೈಕೊಂಡುದು ಈ ಕಾರಣದಿಂದಲೇ.

ಇದಕ್ಕೆ ನಿಯಮಗಳು ಸ್ವಲ್ಪವೇ. ಕಲ್ಲಿಗೆ ಸುಣ್ಣ, ಬಣ್ಣ, ಎಣ್ಣೆ ಹಚ್ಚಬಾರದು. ಚೂಪಾದ ವಸ್ತುವಿನಿಂದ ಅಕ್ಷರವನ್ನು ಕೆರೆಯಬಾರದು. ಇದ್ದ ಜಾಗದಿಂದ ಕದಲಿಸಬಾರದು. ಮೆತ್ತನೆಯ ಕುಂಚದಿಂದ ಮಣ್ಣನ್ನು ಗುಡಿಸಿ, ಬೆಳಗ್ಗೆಯೋ ಸಂಜೆಯೋ ಬಿಸಿಲು ಓರೆಯಾಗಿ ಬೀಳುವಾಗ ಚಿತ್ರ ತೆಗೆದರೆ ಅಕ್ಷರದ ಕುಳಿಯಲ್ಲಿ ನೆರಳು ನಿಂತು, ನಡು ಮಧ್ಯಾಹ್ನ ಕಾಣದ ಸಾಲು ತಾನಾಗಿ ಎದ್ದು ಬರುತ್ತದೆ. ಜೊತೆಗೆ ಜಾಗ, ದಿನ, ಕಲ್ಲಿನ ಉದ್ದಗಲ. ಹೊಲದ ಒಡೆಯರನ್ನು ಕೇಳಿಯೇ ಒಳಗೆ ಕಾಲಿಡತಕ್ಕದ್ದು. ಅವರನ್ನೂ ಕರೆದು ಅದರಲ್ಲಿ ಬರೆದಿರುವುದನ್ನು ತಿಳಿಸಿದರೆ ಕಲ್ಲಿಗೆ ಅವರೇ ಕಾವಲುಗಾರರಾಗುತ್ತಾರೆ.

ಶ್ರೀನಿವಾಸಪುರಕ್ಕೆ ಬಂದರೆ ಮಾತು ತಾನಾಗಿಯೇ ಮಾವಿನ ಕಡೆಗೆ ತಿರುಗುತ್ತದೆ. ತೋತಾಪುರಿ, ಬಾದಾಮಿ, ರಸಪುರಿ, ನೀಲಂ, ಬೇನಿಷಾ, ನೀಲಂ ಮತ್ತು ದಶೇರಿಗಳ ಸಂಕರವಾದ ಮಲ್ಲಿಕಾ, ಇವು ಅಲ್ಲಿಯ ಬದುಕು, ಹವ್ಯಾಸವಲ್ಲ. ಆ ಬದುಕಿಗೆ ಎಂಥ ಪೆಟ್ಟು ಬೀಳಬಹುದೆಂಬುದನ್ನು 2025ರಲ್ಲಿ ಎಲ್ಲರೂ ಕಂಡೆವು. ಆ ವರ್ಷ ತೋತಾಪುರಿಯ ಬೆಲೆ ನೆಲ ಕಚ್ಚಿತು. ಜೂನ್ ತಿಂಗಳಲ್ಲಿ ನೆರೆಯ ಚಿತ್ತೂರಿನ ಜಿಲ್ಲಾಡಳಿತವು ಹೊರ ರಾಜ್ಯದ ತೋತಾಪುರಿ ಬರಬಾರದೆಂದು ತಡೆಯಿತು. ರಸ ತೆಗೆಯುವ ಕಾರ್ಖಾನೆಗಳನ್ನೇ ನಂಬಿದ್ದ ಬೆಳೆಗಾರರು ಬೀದಿಗಿಳಿಯಬೇಕಾಯಿತು. ಅಂಥ ಸಂಕಟವನ್ನು ಕಂಡವರ ಮುಂದೆ ಹವ್ಯಾಸದ ಮಾತನ್ನಾಡಲು ನಾಚಿಕೆಯಾಗುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಹವ್ಯಾಸವು ಸಾಲವನ್ನು ತೀರಿಸುವುದಿಲ್ಲ; ಬೆಲೆಯನ್ನು ಏರಿಸುವುದಿಲ್ಲ. ಅದಕ್ಕೆ ಬೇಕಾದುದು ಸರ್ಕಾರದ ನೆರವು, ಮಾರುಕಟ್ಟೆಯ ಏರ್ಪಾಡು. ಆದರೆ ತಾನು ಬೆಳೆಸಿದ ಮರವನ್ನು ನೋಡಿದಾಗಲೆಲ್ಲ ಬೆಲೆಯೊಂದೇ ನೆನಪಾಗುವ ಸ್ಥಿತಿ ಬಂದರೆ, ಮನುಷ್ಯನು ಎರಡು ಬಾರಿ ಬಡವನಾದಂತೆ. ತೋಟದ ಮೂಲೆಯಲ್ಲಿ ಬೆಲೆ ಕಟ್ಟದ ಮರವೊಂದಿರಲಿ ಎಂಬುದು ನಮ್ಮ ಮಾತು.

ಅಂಥ ಮರ ಬಹಳ ಮನೆಗಳಲ್ಲಿ ಈಗಾಗಲೇ ಇದೆ. ಗೊರಟೆಯಿಂದ ಹುಟ್ಟಿದ ನಾಟಿ ಮರ. ಉಪ್ಪಿನಕಾಯಿಗೆ ಒಂದು, ಸೀಕರಣೆಗೆ ಒಂದು, ಚಿತ್ರಾನ್ನದ ಹುಳಿಗೆ ಒಂದು. ಅದರ ಗೊರಟೆಯನ್ನು ನೆಟ್ಟರೆ ಅದೇ ರುಚಿ ಬರುವುದೆಂಬ ಭರವಸೆಯಿಲ್ಲ. ಮರ ಬಿದ್ದರೆ ರುಚಿಯೂ ಬಿದ್ದಂತೆ. ಉಳಿಸಿಕೊಳ್ಳಲು ಕಸಿಯೊಂದೇ ದಾರಿ. ಅದು ಗೃಹಸ್ಥರ ಕೈಗೆ ಮೀರಿದ ವಿದ್ಯೆಯಲ್ಲ. ಮುಂಗಾರು ಹಿಡಿದ ಮೇಲೆ ಚೀಲದ ಮಣ್ಣಿನಲ್ಲಿ ಯಾವ ಮಾವಿನ ಗೊರಟೆಯನ್ನಾದರೂ ಮೊಳೆಯಿಸಬೇಕು. ತಾಯಿಮರದಲ್ಲಿ ಆರಿಸಿದ ಪೆನ್ಸಿಲ್ ಗಾತ್ರದ ಕಡ್ಡಿಯ ಎಲೆಗಳನ್ನು ತೊಟ್ಟು ಬಿಟ್ಟು ಕತ್ತರಿಸಿ, ಒಂದು ವಾರ ಹತ್ತು ದಿನ ಮರದಲ್ಲಿಯೇ ಇರಿಸಿದರೆ ಅದರ ಕುಡಿ ಉಬ್ಬುತ್ತದೆ. ಮೊಳೆತ ಸಸಿಯು ಎಳೆಗೆಂಪು ಬಣ್ಣದಲ್ಲಿರುವಾಗ ಅದರ ತಲೆಯನ್ನು ಕೊಯ್ದು, ಕಾಂಡವನ್ನು ನಡುವೆ ಸೀಳಿ, ಕಡ್ಡಿಯ ಬುಡವನ್ನು ಬೆಣೆಯಂತೆ ಮಾಡಿ ಸೇರಿಸಿ, ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಮೇಲೆ ತೆಳ್ಳನೆಯ ಚೀಲವೊಂದನ್ನು ಟೋಪಿಯಂತೆ ಹಾಕಿ ನೆರಳಿನಲ್ಲಿಡಬೇಕು. ಕೆಲವು ವಾರಗಳಲ್ಲಿ ಚಿಗುರು ಕಾಣುತ್ತದೆ. ಹತ್ತು ಮಾಡಿದರೆ ಐದು ಹಿಡಿದಾವು. ಕೈ ಪಳಗಿದ ಮೇಲೆ ಎಂಟು. ನೀರು ಕಡಿಮೆಯಾದ ಊರಿನಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಈ ಚೀಲಗಳಿಗೆ ಸಾಕು. ಮಗಳು ಗಂಡನ ಮನೆಗೆ ಹೊರಡುವಾಗ ತವರಿನ ಉಪ್ಪಿನಕಾಯಿ ಮರದ ಕಸಿಯೊಂದನ್ನು ಮಡಿಲಿಗೆ ಕೊಟ್ಟರೆ, ಅದಕ್ಕಿಂತ ಒಳ್ಳೆಯ ಬಾಗಿನ ಯಾವುದು?

ಮೂರನೆಯದು ಆತ್ಮದ ಮಾತು. ಇದಕ್ಕೆ ಈ ಸೀಮೆಯಲ್ಲಿ ಹಾಡೇ ಹೆದ್ದಾರಿ. ಹದಿನೈದನೆಯ ಶತಮಾನದಲ್ಲಿ ಮುಳಬಾಗಿಲಿನಲ್ಲಿದ್ದ ಶ್ರೀಪಾದರಾಜರು ಶಾಸ್ತ್ರಪಂಡಿತರು, ಮಠಾಧಿಪತಿಗಳು. ಅವರು ದೇವರ ಮುಂದೆ ಕನ್ನಡದಲ್ಲಿ ಹಾಡಿದರು. 'ರಂಗವಿಠಲ' ಎಂಬ ಅಂಕಿತದ ಆ ಹಾಡುಗಳು ಇಂದಿಗೂ ಮನೆಮನೆಯಲ್ಲಿವೆ. ನರಸಿಂಹತೀರ್ಥದ ಅವರ ವೃಂದಾವನಕ್ಕೆ ನಮಸ್ಕರಿಸಿ ಬರುವ ನಾವು, ಅವರು ಮಾಡಿದ ಕೆಲಸವನ್ನೂ ಒಂದಿಷ್ಟು ಮಾಡಿದರೆ ಪೂಜೆ ಪೂರ್ಣವಾದೀತು. ಹಾಡಿಗೆ ಹೊಲ ಬೇಡ, ನೀರು ಬೇಡ. ಜಾತಿಯಂತೂ ಬೇಡವೇ ಬೇಡ. ನಮ್ಮ ಕಾಲದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರೂ ಅವರ ಸ್ನೇಹಿತರೂ ಕೋಲಾರದ ಬೆಟ್ಟದ ಮೇಲೆ ತೇರಹಳ್ಳಿಯ ಬಳಿ 'ಆದಿಮ'ವನ್ನು ಕಟ್ಟಿ, 'ಹುಣ್ಣಿಮೆ ಹಾಡು' ಎಂಬ ಹೆಸರಿನಿಂದ ಬೆಳದಿಂಗಳಲ್ಲಿ ಹಾಡು ನಾಟಕಗಳನ್ನು ನಡೆಸಿದುದು ಇದೇ ನಂಬಿಕೆಯಿಂದ. ದುಡಿದು ದಣಿದವರು ಬಂಡೆಗಳ ನಡುವೆ ಒಟ್ಟಿಗೆ ಕುಳಿತು ಹಾಡಿಗೆ ಕಿವಿಗೊಡುವಾಗ, ಬೆಟ್ಟ ಹತ್ತಿದ ದೇಹ, ಕಥೆ ಕೇಳಿದ ಮನಸ್ಸು, ತಣಿದ ಆತ್ಮ ಎಂದು ಬೇರೆ ಬೇರೆ ಲೆಕ್ಕ ಬರೆಯಬೇಕಾದುದಿಲ್ಲ.

ಇಷ್ಟೆಲ್ಲವನ್ನೂ ಹೇಳಿದ ಮೇಲೆ, ಹೇಳಲೇಬೇಕಾದ ಒಂದು ಕಠಿಣವಾದ ಮಾತು ಉಳಿದಿದೆ. ಮನೆಯಲ್ಲಿ ಹವ್ಯಾಸವು ಬಹುಮಟ್ಟಿಗೆ ಗಂಡಸರ ಪಾಲಾಗಿದೆ. ಬೀಸುವ ಕಲ್ಲು ಹೋಯಿತು. ಒರಳು ಮೂಲೆ ಸೇರಿತು. ಹೆಂಗಸರ ತೋಳಿನ ನೋವು ಕಡಿಮೆಯಾದುದು ದೊಡ್ಡ ಲಾಭವೇ ಸರಿ. ಆದರೆ ಬೀಸುವ ಕಲ್ಲಿನೊಡನೆ ಬೀಸುವ ಪದವೂ ಹೋಯಿತು. ಯಂತ್ರವು ಉಳಿಸಿಕೊಟ್ಟ ಆ ಒಂದು ಗಂಟೆ ಎಲ್ಲಿ ಹೋಯಿತೆಂದು ಯಜಮಾನರು ಎಂದಾದರೂ ವಿಚಾರಿಸಿದ್ದಾರೆಯೆ? ಅದು ಇನ್ನೊಂದು ಕೆಲಸದ ಹೊಟ್ಟೆಗೆ ಹೋಯಿತು. ಮುಂಜಾನೆ ಬಾಗಿಲ ಮುಂದೆ ಇಡುವ ರಂಗೋಲಿಯೊಂದೇ ಎಷ್ಟೋ ತಾಯಂದಿರಿಗೆ ದಿನದಲ್ಲಿ ತಮ್ಮದೆಂದು ಹೇಳಿಕೊಳ್ಳತಕ್ಕ ಕಾಲು ಗಂಟೆಯಾಗಿ ಉಳಿದಿದೆ.

ರೇಷ್ಮೆ ಸಾಕುವ ಮನೆಯವರಿಗೆ ನಾವು ಅವರ ಹುಳುವನ್ನೇ ಸಾಕ್ಷಿಯಾಗಿ ಕರೆಯುತ್ತೇವೆ. ಮೊಟ್ಟೆಯೊಡೆದು ಬಂದ ಹುಳು ಚಂದ್ರಿಕೆಗೆ ಏರುವ ವೇಳೆಗೆ ಸುಮಾರು 25 ದಿನಗಳಾಗುತ್ತವೆ. ಅಷ್ಟರಲ್ಲಿ ಅದು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಚಾಕಿ ಕೇಂದ್ರದಿಂದ ಎರಡನೆಯ ಜ್ವರ ಕಳೆದ ಹುಳು ತರುವವರಿಗೂ ಉಳಿದೆರಡು ಜ್ವರಗಳು ಮನೆಯಲ್ಲಿಯೇ. ಆ ಸುಮಾರು ಒಂದು ದಿನ ಹುಳು ತಲೆಯೆತ್ತಿ ಅಲುಗಾಡದೆ ಇರುತ್ತದೆ. ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಹಳೆಯ ಪೊರೆಯನ್ನು ಕಳಚಿ ಮುಂದಿನ ಬೆಳವಣಿಗೆಗೆ ಅದು ಸಿದ್ಧವಾಗುವುದು ಆ ಹೊತ್ತಿನಲ್ಲಿಯೇ. ಹುಳುವಿನ ಬಿಡುವನ್ನು ಇಷ್ಟು ಭಯಭಕ್ತಿಯಿಂದ ಕಾಯುವ ಮನೆಯಲ್ಲಿ, ಸೊಪ್ಪು ಹಾಕುವವಳ ಬಿಡುವನ್ನೂ ಕಾಯಬೇಡವೆ? ಜ್ವರದ ದಿನ ಒಲೆಯ ಕೆಲಸವನ್ನು ಗಂಡಸರು ವಹಿಸಿಕೊಳ್ಳಲಿ. ಆಕೆ ಓದಲಿ, ಹಾಡಲಿ, ಕಸಿ ಕಟ್ಟಲಿ, ಬೆಟ್ಟ ಹತ್ತಲಿ. ಏನೂ ಮಾಡದೆ ಜಗುಲಿಯ ಮೇಲೆ ಕುಳಿತಿದ್ದರೂ ಯಾರೂ ಕಾರಣ ಕೇಳದಿರಲಿ.

ಕೊನೆಯದಾಗಿ ನಾಲ್ಕು ಎಚ್ಚರಿಕೆಗಳು. ನೋಡುವುದು ಮಾಡುವುದಲ್ಲ, ಕೈಯಲ್ಲಿನ ಮೊಬೈಲಿನಲ್ಲಿ ಬೇರೆಯವರ ಹಾಡನ್ನು ಮೂರು ಗಂಟೆ ನೋಡಿದವರು ಒಂದು ಸಾಲನ್ನೂ ಹಾಡಿದಂತಾಗಲಿಲ್ಲ. ಹವ್ಯಾಸಕ್ಕಾಗಿ ಸಾಲ ಮಾಡಬಾರದು; ಹಣವಿಲ್ಲದೆ ಮೊದಲಿಡಲಾಗದ ಹವ್ಯಾಸವನ್ನು ಇನ್ನೊಬ್ಬರಿಗೆ ಬಿಡಬೇಕು. ಮಕ್ಕಳ ಹವ್ಯಾಸಕ್ಕೆ ಅಂಕ, ಬಹುಮಾನ, ಪಕ್ಕದ ಮನೆಯ ಹುಡುಗನ ಹೋಲಿಕೆ ಇವುಗಳನ್ನು ತಗುಲಿಸಿದರೆ ಅದು ಇನ್ನೊಂದು ಪಾಠಶಾಲೆಯಾಗುತ್ತದೆ. ನಾಲ್ಕನೆಯದು, ಹವ್ಯಾಸವು ಎಂದೋ ಒಂದು ದಿನದ ಉತ್ಸಾಹವಾಗಬಾರದು. ದಿನಕ್ಕೆ ಅರ್ಧ ಗಂಟೆಯೆಂದರೆ ವರ್ಷಕ್ಕೆ 180 ಗಂಟೆಗೂ ಮೇಲಾಯಿತು. ಅಷ್ಟರಲ್ಲಿ ಒಂದು ನೋಟ್‌ಪುಸ್ತಕ ತುಂಬುತ್ತದೆ. ಇಪ್ಪತ್ತು ಊರುಗಳ ಕಲ್ಲುಗಳನ್ನು ನೋಡಿ ಮುಗಿಯುತ್ತದೆ. ಹತ್ತಾರು ಹಾಡು ಬಾಯಿಗೆ ಬರುತ್ತವೆ.

ಮುಂದಿನ ಅಮಾವಾಸ್ಯೆಯೊಳಗೆ ನಮ್ಮ ವಾಚಕರ ಮನೆಗಳಲ್ಲಿ ಎಲ್ಲರೂ ಒಂದು ರಾತ್ರಿ ಊಟವಾದ ಮೇಲೆ ಕುಳಿತು, ಯಾರಿಗೆ ಯಾವ ಹೊತ್ತು, ಆ ಹೊತ್ತಿನಲ್ಲಿ ಅವರ ಕೆಲಸವನ್ನು ಯಾರು ನೋಡಿಕೊಳ್ಳತಕ್ಕದ್ದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕೆಂದು ನಮ್ಮ ಬಿನ್ನಹ. ಪಟ್ಟಿಯಲ್ಲಿ ಮನೆಯಾಕೆಯ ಹೆಸರನ್ನೇ ಮೊದಲು ಬರೆಯಿರಿ.